ಹಿಡಿ ಅಕ್ಕಿಯಲ್ಲಿ ನಡೆದ 125ನೇ ವರ್ಷದ ಹಬ್ಬ

ನಮ್ಮ ಕ್ರೈಸ್ತ ದೇವಾಲಯದ ಮಾಡು, ಅಂದರೆ ಹಂಚಿನ ಛಾವಣಿ, ಈಗ ಸೋರುವುದಿಲ್ಲ. ಹಬ್ಬ ಮುಗಿದ ಮೇಲೂ ಮಳೆಗಾಲ ಬಂದು ಹೋಗಿದೆ, ಪ್ರಸಂಗ ಪೀಠದ ಎಡಬದಿಗೆ ಬಕೆಟ್ ಇಡುವ ಕೆಲಸ ಯಾರಿಗೂ ಬೀಳಲಿಲ್ಲ. ಅದರ ದುರಸ್ತಿಗೆ ಸಾಲ ಮಾಡಲಿಲ್ಲ. ಸ್ಮರಣ ಸಂಚಿಕೆಗೆ ಜಾಹೀರಾತು ಕೇಳಿಕೊಂಡು ಪೇಟೆಯ ಅಂಗಡಿಗಳ ಮೆಟ್ಟಿಲು ಹತ್ತಲಿಲ್ಲ. ಹಣದ ದೊಡ್ಡ ಪಾಲು ಬಂದದ್ದು ಹಿಡಿ ಅಕ್ಕಿಯಿಂದ. ಆಗುವುದಿಲ್ಲ ಎಂದವರಲ್ಲಿ ನನ್ನ ಜೊತೆಗೆ ಓದಿದ ಸಭಾಪಾಲಕರೂ, ಅಂದರೆ ನನ್ನಂಥ ಪಾಸ್ಟರುಗಳೂ, ಇದ್ದರು. ಈಗ ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಹಿಡಿ ಅಕ್ಕಿ ಅಂದರೇನು ಎಂದು ನಿಮಗೆ ವಿವರಿಸಬೇಕಾಗಿಲ್ಲ. ಅಜ್ಜಿಯಂದಿರು ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಿದ್ದುದನ್ನು ಕಂಡವರೇ ನಾವೆಲ್ಲ. ನಮ್ಮ ಸಭೆಯ (ಈ ದೇವಾಲಯಕ್ಕೆ ಸೇರಿದ ಕುಟುಂಬಗಳ ಕೂಟದ) ಹಳೆಯ ಲೆಕ್ಕದ ಪುಸ್ತಕದಲ್ಲಿ ಮೊದಲ ಮಹಾಯುದ್ಧದ ಕಾಲದ ಪುಟಗಳಿಗೆ ಬಂದರೆ ಈ ಹೆಸರಿನ ಜಮೆ ಮೇಲಿಂದ ಮೇಲೆ ಸಿಗುತ್ತದೆ. 1834ರಲ್ಲಿ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಂದಿನಿಂದ ಕೆಲಸಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನ ಆಸರೆ ಇತ್ತು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದ ಹೊರಗೆ ಕಳುಹಿಸಿತು. ಮಿಷನಿನ ಹಂಚು ಮತ್ತು ನೇಯ್ಗೆ ಕಾರ್ಖಾನೆಗಳು ಬ್ರಿಟಿಷ್ ಕಂಪನಿಯಾದ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಆ ವರ್ಷಗಳಲ್ಲಿ ನಮ್ಮ ಸಭೆಯನ್ನು ನಡೆಸಿದ್ದು ಮನೆಮನೆಯ ಅಕ್ಕಿ ಡಬ್ಬಿ. ಆ ಪುಟಗಳನ್ನು ಕಮಿಟಿಯ ಮುಂದೆ ಬಿಡಿಸಿಟ್ಟೇ ಮಾತು ಶುರು ಮಾಡಿದೆ.

ಹಿರಿಯರೊಬ್ಬರು ಕೂಡಲೇ ಹೇಳಿದರು: "ಅಯ್ಯನವರೇ, ಹಿಡಿ ಅಕ್ಕಿಯಲ್ಲಿ ಗಂಜಿ ಆದೀತು, ಮಾಡು ಆಗುವುದಿಲ್ಲ." ಮಾಡಿನ ಅಂದಾಜು ಆಗ ಒಂಬತ್ತು ಲಕ್ಷದ ಹತ್ತಿರ ಇತ್ತು. ಮಾಡಿನ ಇಳಿಜಾರು ಮರವಾದ ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು, ಹಂಚು ಕೂರುವ ರೀಪುಗಳು ಬಾಗಿದ್ದವು. ನಮ್ಮದು ಎಂಬತ್ತು ಚಿಲ್ಲರೆ ಕುಟುಂಬಗಳ ಸಭೆ. ಮುಂಬೈಯಲ್ಲಿರುವವರು, ಗಲ್ಫಿನಲ್ಲಿರುವವರು ಎಂದು ದಾನಿಗಳ ಪಟ್ಟಿ ಮೊದಲೇ ಸಿದ್ಧವಾಗಿತ್ತು. ಆ ಹಿರಿಯರ ಇನ್ನೊಂದು ಸಂಶಯ ನ್ಯಾಯವಾದದ್ದೇ. ಇದಕ್ಕೆ ಮೂರು ವರ್ಷ ಬೇಕು, ನಡುವೆ ಅಯ್ಯನವರಿಗೆ ವರ್ಗ ಆದರೆ? ಹಾಗಾಗಿ ಲೆಕ್ಕವನ್ನು ಮೊದಲ ದಿನದಿಂದಲೇ ನನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಸ್ತ್ರೀ ಸಂಘದ ನಾಲ್ವರಿಗೆ ಒಪ್ಪಿಸಿದೆ. ಬ್ಯಾಂಕಿನಲ್ಲಿ ಬೇರೆ ಖಾತೆ, ತಿಂಗಳಿಗೊಮ್ಮೆ ಆರಾಧನೆಯಲ್ಲಿ ಲೆಕ್ಕ ಓದುವುದು. ಸಭಾಪ್ರಾಂತಕ್ಕೆ (ಬಿಷಪ್ಪರ ಆಡಳಿತಕ್ಕೆ) ಕಟ್ಟುವ ಪಾಲಿನ ವಿಷಯವನ್ನೂ ಆರಂಭದಲ್ಲೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಿ. ನಡುವೆ ಎತ್ತಿದರೆ ಜಗಳ.

ಮೊದಲ ವರ್ಷ ಕೈಗೆ ಏನೂ ಹತ್ತಲಿಲ್ಲ. ಒಂದು ಮನೆಯಲ್ಲಿ ಊಟಕ್ಕೆ ಕುಚ್ಚಲಕ್ಕಿ (ಬೇಯಿಸಿ ಒಣಗಿಸಿದ ಭತ್ತದ ಅಕ್ಕಿ), ದೋಸೆಗೆ ಬೆಳ್ತಿಗೆ (ಬಿಳಿ ಅಕ್ಕಿ), ಮಕ್ಕಳಿಗೆಂದು ಸೋನಾ ಮಸೂರಿ. ಎಲ್ಲವೂ ಒಂದೇ ಡಬ್ಬಿಗೆ ಬಿತ್ತು. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಬೆಳ್ತಿಗೆ ಅಂಟಾಗಿರುತ್ತದೆ, ಆ ಬೆರಕೆಯನ್ನು ಯಾರು ಕೊಳ್ಳುತ್ತಾರೆ? ಕೊನೆಗೆ ಕೋಳಿಗೆ ಹಾಕಲು ಕಿಲೋಗೆ ಹದಿನೈದು ರೂಪಾಯಿಯಂತೆ ಹೋಯಿತು. ಜುಲೈ ಬಂದಾಗ ವಸ್ತ್ರದ ಕೋಣೆಯಲ್ಲಿ ಇಟ್ಟ ಮೂಟೆಗಳಿಗೆ ಹುಳ ಬಿತ್ತು, ಇಲಿಯೂ ಹೊಕ್ಕಿತು. ಒಂದು ಕ್ವಿಂಟಾಲಿಗೂ ಹೆಚ್ಚು ಹಾಳಾಗಿರಬೇಕು. ವರ್ಷದ ಕೊನೆಗೆ ಖಾತೆಯಲ್ಲಿ ನಲವತ್ತು ಸಾವಿರ ಇತ್ತೋ ಇಲ್ಲವೋ.

ಅದಕ್ಕಿಂತ ದೊಡ್ಡ ತೊಡಕು ಪಡಿತರ ಅಕ್ಕಿಯದು. ನಮ್ಮ ಅನೇಕ ಮನೆಗಳಲ್ಲಿ ಬೇಯುವುದು ಸೊಸೈಟಿಯಿಂದ ಬಂದ ಅಕ್ಕಿ. ಅದನ್ನು ಮಾರುವಂತಿಲ್ಲ. ದೇವರ ಕೆಲಸವೆಂದು ಕಾನೂನು ಬಿಟ್ಟುಕೊಡುವುದಿಲ್ಲ, ಬಿಟ್ಟರೂ ನಾವು ಮಾಡಬಾರದು. ಹಾಗೆಂದು ಆ ಮನೆಗಳನ್ನು ಹೊರಗಿಡುವುದು ಹೇಗೆ? ಹಬ್ಬ ಮೊದಲು ಸೇರಬೇಕಾದದ್ದೇ ಆ ಅಡುಗೆಮನೆಗಳಿಗೆ. ಸ್ತ್ರೀ ಸಂಘದ ಒಬ್ಬ ತಾಯಿ ದಾರಿ ತೋರಿಸಿದರು: ಹಿಡಿ ತೆಗೆಯುವ ಬದಲು ಅಡುಗೆಗೆ ಕೂರುವಾಗ ಒಂದು ನಾಣ್ಯ. ಬೈಬಲಿನ ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ವಿಧವೆಯ ಭಾಗವನ್ನು ಆ ಭಾನುವಾರ ಓದಿದೆವು. ನಾಣ್ಯದ ಡಬ್ಬಿಗಳು ತುಂಬಿದ್ದನ್ನು ನೀವು ನೋಡಬೇಕಿತ್ತು. ತಲೆಗೆ ಇಷ್ಟೆಂದು ಲೆಕ್ಕ ಹಾಕಿದರೆ ಬೀಡಿ ಕಟ್ಟುವ ಮನೆಗಳು ನೌಕರಿಯ ಮನೆಗಳನ್ನು ಹಿಂದೆ ಹಾಕಿದವು.

ಎರಡನೇ ವರ್ಷ ಕ್ರಮ ಬದಲಾಯಿತು. ಪ್ರತಿ ಮನೆಗೆ ಬಟ್ಟೆಯ ಎರಡು ಚೀಲ, ಕುಚ್ಚಲಕ್ಕಿಗೆ ಕೆಂಪು ದಾರ, ಬೆಳ್ತಿಗೆಗೆ ಬಿಳಿ. ಸೋನಾ ಮಸೂರಿ ಬೇಡವೆಂದೇ ಹೇಳಿದೆವು. ತಿಂಗಳ ಮೊದಲ ಭಾನುವಾರ ಚೀಲ ಬರುತ್ತದೆ, ಆರಾಧನೆ ಮುಗಿದ ಕೂಡಲೇ ಅಂಗಳದಲ್ಲಿ ಏಲಂ (ಹರಾಜು), ಅಂದೇ ಅಕ್ಕಿ ಖಾಲಿ. ದಾಸ್ತಾನು ಇಲ್ಲದಿದ್ದರೆ ಹುಳವೂ ಇಲ್ಲ. ಬೇವಿನ ಸೊಪ್ಪು, ಒಣಮೆಣಸು ಎಲ್ಲ ಹಾಕಿ ನೋಡಿದ್ದೇವೆ. ನಮ್ಮ ಕರಾವಳಿಯ ತೇವಕ್ಕೆ ಅವು ಸಾಲುವುದಿಲ್ಲ.

ಏಲಂ ನಮಗೆಲ್ಲ ಬೆಳೆ ಹಬ್ಬದಿಂದ ಗೊತ್ತು. ಸೌತೆಕಾಯಿ, ತೆಂಗು, ಹುಂಜ ಕೂಗಿ ಕೂಗಿ ಗಂಟಲು ಪಳಗಿದವರು ಪ್ರತಿ ಸಭೆಯಲ್ಲೂ ಇದ್ದಾರೆ. ಅಂಗಡಿಯಲ್ಲಿ ಕಿಲೋಗೆ ಐವತ್ತರ ಆಸುಪಾಸಿನ ಕುಚ್ಚಲಕ್ಕಿ ಇಲ್ಲಿ ನೂರೈವತ್ತು, ಇನ್ನೂರಕ್ಕೆ ಹೋಯಿತು. ನೆರೆಮನೆಯ ಹಿಂದೂ, ಮುಸ್ಲಿಂ ಬಂಧುಗಳೂ ಬಂದು ಕೂಗಿದರು. "ನಿಮ್ಮ ಇಗರ್ಜಿ ಅಕ್ಕಿಯಲ್ಲಿ ಮಗಳ ಸೀಮಂತದ ಪಾಯಸ ಮಾಡಿದೆವು" ಎಂದು ಒಬ್ಬರು ಹೇಳಿದಾಗ ಕಮಿಟಿಯವರ ಮುಖ ನೋಡಿದೆ. ಆಮೇಲೆ ಆಕ್ಷೇಪ ಬರಲಿಲ್ಲ. ಯಾರ ಚೀಲವನ್ನು ಯಾವಾಗ ಏಲಂಗೆ ಎತ್ತಬೇಕು ಎಂಬುದರಲ್ಲೇ ಅರ್ಧ ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಸಭೆಯವರೂ ಇದನ್ನು ಓದುತ್ತಾರೆ, ಮೊದಲೇ ತಿಳಿದುಬಿಟ್ಟರೆ ಕೆಲಸ ಕೆಡುತ್ತದೆ. ಎದುರಿಗೆ ಸಿಕ್ಕಾಗ ಕೇಳಿ.

ಒಟ್ಟು ಲೆಕ್ಕ ನೆನಪಿನಿಂದ ಹೇಳುತ್ತೇನೆ. ಏಲಂಗೆ ಬಂದ ಅಕ್ಕಿ ನಾಲ್ಕು ಟನ್ನಿನ ಹತ್ತಿರ, ಅದರಿಂದ ಐದೂವರೆ ಲಕ್ಷ. ನಾಣ್ಯದ ಡಬ್ಬಿಗಳಿಂದ ಒಂದು ಲಕ್ಷಕ್ಕೆ ತುಸು ಕಡಿಮೆ. ಉಳಿದದ್ದು ಬೆಳೆ ಹಬ್ಬ ಮತ್ತು ಕೃತಜ್ಞತಾ ಕಾಣಿಕೆ. ಮಾಡಿನ ಖರ್ಚು ಅಂದಾಜಿಗಿಂತ ಇಳಿಯಿತು. ಹಳೆಯ ಮಿಷನ್ ಹಂಚುಗಳಲ್ಲಿ ಮುಕ್ಕಾಲು ಪಾಲು ಗಟ್ಟಿಯಾಗಿದ್ದವು. ಯೌವನಸ್ಥರು ಒಂದೊಂದನ್ನೇ ಇಳಿಸಿ, ಪಾಚಿ ಉಜ್ಜಿ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ ಬೇರೆ ಮಾಡಿದರು. ಒಡೆದವುಗಳ ಬದಲಿಗೆ ಕೆಡವಿದ ಮನೆಗಳ ಹಂಚು ತಂದೆವು, ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ. ಹೊಸ ಹಂಚು, ಶೀಟು ಎಂದು ಒತ್ತಾಯಿಸಿದ ಗುತ್ತಿಗೆದಾರರನ್ನು ಬಿಟ್ಟು ಊರಿನ ಬಡಗಿಯನ್ನೇ ಹಿಡಿದೆವು. ನಾಲ್ಕು ಮನೆಯವರು ಹಲಸಿನ ಮರ ಕೊಟ್ಟರು. ಅಲ್ಲಿಯೇ ಒಂದೂವರೆ ಲಕ್ಷ ಉಳಿಯಿತು. ಅಷ್ಟು ಹದವಾಗಿ ಕೂತ ಮಾಡು ನಮ್ಮ ಸುತ್ತಿನಲ್ಲಿ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಮುಂಬೈಯವರನ್ನು ಬಿಟ್ಟಿರಲಿಲ್ಲ. ಹಣ ಕಳುಹಿಸಿ ಎಂದು ಮಾತ್ರ ಹೇಳಲಿಲ್ಲ, ಡಬ್ಬಿ ಇಡಿ ಎಂದೆವು. ನಿವೃತ್ತರಾದ ಒಬ್ಬ ತಾಯಿ ವರ್ಷವಿಡೀ ಹಿಡಿ ತೆಗೆದು, ಬೇಸಿಗೆ ರಜೆಗೆ ಬರುವಾಗ ಮತ್ಸ್ಯಗಂಧ ರೈಲಿನಲ್ಲಿ ಹತ್ತು ಹನ್ನೆರಡು ಕಿಲೋ ಚೀಲ ತಂದರು. ಆ ಚೀಲ ಏಲಂನಲ್ಲಿ ಏಳು ಸಾವಿರಕ್ಕೆ ಹೋಯಿತು.

ಇದರ ಜೊತೆಗೆ ಬೇರೆ ಒಂದೆರಡು ಪ್ರಯತ್ನಗಳನ್ನೂ ಮಾಡಿದೆ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಹಳೆಯ ದಾಖಲೆ ಪುಸ್ತಕಗಳ ಶಾಯಿ ಕಾಗದವನ್ನೇ ತಿನ್ನುತ್ತಿದೆ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳು ಕಿಟಕಿಯ ಬೆಳಕಿನಲ್ಲಿ ಪುಟಪುಟವಾಗಿ ಫೋನಿನಲ್ಲಿ ಚಿತ್ರ ತೆಗೆದರು. ಪ್ರತಿ ಭಾನುವಾರ, ಅದೇ ವಾರದಲ್ಲಿ ಹಿಂದೆ ಯಾವಾಗಲೋ ದೀಕ್ಷಾಸ್ನಾನ ಪಡೆದವರ ಹೆಸರುಗಳನ್ನು ಆರಾಧನೆಯಲ್ಲಿ ಓದಿದೆವು. ತಮ್ಮ ಮುತ್ತಜ್ಜಿಯ ಹೆಸರು ಕೇಳಲು, ವರ್ಷಗಟ್ಟಲೆ ಬಾರದಿದ್ದ ಕುಟುಂಬಗಳು ಬಂದು ಹಿಂದಿನ ಬೆಂಚಿನಲ್ಲಿ ಕುಳಿತವು. ಕೆಲವರು ಆಮೇಲೆ ಚೀಲ ಕೇಳಿ ಒಯ್ದರು. ತುಳು ಆರಾಧನೆಯೂ ಆರಂಭವಾಯಿತು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ ಎಂಬುದು ನಮ್ಮ ರೂಢಿ. ಬೈಬಲಿನ ಹೊಸ ಒಡಂಬಡಿಕೆ ತುಳುವಿನಲ್ಲಿ 1847ರಲ್ಲೇ ಮಂಗಳೂರಿನಲ್ಲಿ ಅಚ್ಚಾಗಿದ್ದರೂ ನಮ್ಮ ಯುವಕರಿಗೆ ತುಳುವಿನಲ್ಲಿ ಪ್ರಾರ್ಥಿಸಲು ನಾಚಿಕೆ. ಸಂಜೆಯ ಆ ಆರಾಧನೆಗೆ ಹಳೆಯ ಜರ್ಮನ್ ರಾಗಗಳನ್ನು ಆರ್ಗನ್ ಇಲ್ಲದೆ ಬರಿಯ ಕಂಠದಲ್ಲಿ ಹಾಡಿಸಿದೆ. ಹಿರಿಯರು ನಾಲ್ಕು ಧ್ವನಿಯಲ್ಲಿ ಹಾಡಿದ್ದನ್ನು ಕೇಳಿ ಮಕ್ಕಳು ಸುಮ್ಮನೆ ಕುಳಿತರು. ಅದಿನ್ನೂ ತಿಂಗಳಿಗೊಮ್ಮೆ ನಡೆಯುತ್ತಿದೆ.

ಹಬ್ಬದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಿಷಪ್ಪರು, ಮೆರವಣಿಗೆ, ಪ್ರಭು ಭೋಜನದ ಸಂಸ್ಕಾರ ಎಲ್ಲ ನಿಮ್ಮಲ್ಲಿಯೂ ಹಾಗೆಯೇ. ಊಟಕ್ಕೆ ಎಂಟುನೂರು ಜನರಾದರು. ಅಂದು ಬೆಂದ ಅನ್ನವೆಲ್ಲ ಆ ತಿಂಗಳ ಹಿಡಿ ಅಕ್ಕಿ. ಗಂಜಿಯ ಮಾತು ಹೇಳಿದ್ದ ಹಿರಿಯರು ಬಡಿಸಲು ನಿಂತರು, ಕೊನೆಯ ಪಂಕ್ತಿಯವರೆಗೂ ಸೌಟು ಬಿಡಲಿಲ್ಲ.

ಚೀಲಗಳು ಈಗಲೂ ಬರುತ್ತಿವೆ. ಈ ಹಣ ಸಭೆಯ ಮಕ್ಕಳ ಕಾಲೇಜು ಫೀಸಿಗೆ ಎಂದು ಕಮಿಟಿಯೇ ತೀರ್ಮಾನಿಸಿತು. ನೀವು ಶುರು ಮಾಡುವುದಾದರೆ ಮಳೆಗಾಲದಲ್ಲಿ ಬೇಡ, ಬೆಳೆ ಹಬ್ಬದ ಮರುವಾರ ಮಾಡಿ. ಚೀಲ ಮೂರು ಕಿಲೋಗಿಂತ ದೊಡ್ಡದಾಗಬಾರದು. ದೊಡ್ಡ ಚೀಲ ಅರ್ಧ ತುಂಬಿ ಬಂದರೆ ತಂದವರಿಗೆ ಸಂಕೋಚ, ಚಿಕ್ಕದು ತುಂಬಿ ಬಂದರೆ ಮುಂದಿನ ತಿಂಗಳು ಎರಡು ಕೇಳುತ್ತಾರೆ.