ಅಜಾಕ್ಸ್ ಕಿಟ್‌ನಿಂದ ಐಎನ್‌ಎಸ್ ಡೆಲ್ಲಿ

ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಹಳೆಯ 1/600 ಅಳತೆಯ, ಅಜಾಕ್ಸ್ ಎಂಬ ಬ್ರಿಟಿಷ್ ಯುದ್ಧನೌಕೆಯ ಪ್ಲಾಸ್ಟಿಕ್ ಮಾದರಿ ಕಿಟ್ಟನ್ನು ನಾನು ಕಟ್ಟುವುದು ಐಎನ್‌ಎಸ್ ಡೆಲ್ಲಿಯಾಗಿ. ಅಜಾಕ್ಸ್‌ನ ಸೋದರ ನೌಕೆ ಅಕಿಲೀಸ್. 1939ರ ಡಿಸೆಂಬರ್‌ನಲ್ಲಿ ರಿವರ್ ಪ್ಲೇಟ್ ಕದನದಲ್ಲಿ ಇವೆರಡೂ ಒಟ್ಟಿಗೆ ಜರ್ಮನ್ ಯುದ್ಧನೌಕೆ ಗ್ರಾಫ್ ಸ್ಪೀಯನ್ನು ಎದುರಿಸಿದ್ದವು. ಆ ಅಕಿಲೀಸೇ 1948ರಲ್ಲಿ ಭಾರತದ ನೌಕಾಪಡೆಗೆ ಬಂದು ಡೆಲ್ಲಿಯಾಯಿತು, 1978ರವರೆಗೆ ಸೇವೆಯಲ್ಲಿತ್ತು. ಒಂದೇ ವರ್ಗದ ಹಡಗುಗಳಾದ್ದರಿಂದ ಒಡಲಿನ ಆಕಾರ ತಿದ್ದಬೇಕಿಲ್ಲ, ಬದಲಾವಣೆಯೆಲ್ಲ ಡೆಕ್ಕಿನ ಮೇಲೆಯೇ.

ಡಬ್ಬಿಯ ಚಿತ್ರಕ್ಕೆ ಮರುಳಾಗಿ ಕೊಳ್ಳಬೇಡಿ. ಮಾರುವವರಿಂದ ಸ್ಪ್ರೂಗಳ (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳ) ಫೋಟೊ ಮತ್ತು ಸೂಚನಾ ಹಾಳೆ ತರಿಸಿಕೊಂಡು ಒಂದೊಂದೇ ಭಾಗವನ್ನು ತಾಳೆ ನೋಡಿ. ಕಂಬ, ಕ್ರೇನ್ ಇಲ್ಲದಿದ್ದರೆ ಮಾಡಿಕೊಳ್ಳಬಹುದು. ಫಿರಂಗಿ ಗೋಪುರ ಕಳೆದಿದ್ದರೆ ಆ ಕಿಟ್ ಬೇಡ. ಯಾರೂ ಮುಟ್ಟದ ಪೂರ್ತಿ ಕಿಟ್ ಸಿಕ್ಕರೆ ಅದನ್ನು ಹಾಗೇ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಡಬ್ಬಿ ಹರಿದದ್ದು, ಅರ್ಧಕ್ಕೆ ಬಿಟ್ಟದ್ದು ಕಟ್ಟಲಿಕ್ಕೆ ಸಾಕು. ಹಿಂದಿನವರು ಅಂಟಿಸಿದ ಜೋಡಣೆ ಬಿಡಿಸಬೇಕೆ? ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಹಳೆಯ ಸಿಮೆಂಟ್, ಅಂದರೆ ಪ್ಲಾಸ್ಟಿಕ್ ಅಂಟು, ಪೆಡಸಾಗುತ್ತದೆ. ಆಗ ಬ್ಲೇಡಿನ ತುದಿಯಿಂದ ಮೆಲ್ಲಗೆ ಸೀಳಬಹುದು.

ಮೊದಲು ಸೋಪಿನ ನೀರಲ್ಲಿ ತೊಳೆಯಿರಿ, ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ನಿಜವಾದ ತೊಂದರೆ ಒಡಲಿನದು. ಸುಮಾರು 28 ಸೆಂ.ಮೀ. ಉದ್ದದ ಎರಡು ಹೋಳುಗಳು ವರ್ಷಗಟ್ಟಲೆ ಡಬ್ಬಿಯಲ್ಲಿ ಬಿದ್ದು ಬಾಳೆಕಾಯಿಯಂತೆ ಬಾಗಿರುತ್ತವೆ. ಬಿಗಿಯಾಗಿ ರಬ್ಬರ್‌ಬ್ಯಾಂಡ್ ಹಾಕಿ ಅಂಟಿಸಿದರೆ ಆ ಸೊಟ್ಟ ಹೋಗುವುದಿಲ್ಲ, ತಿರುಚಾಗಿ ಡೆಕ್ಕಿಗೆ ಏರುತ್ತದೆ. ಕೈ ತಾಳುವಷ್ಟು ಬಿಸಿನೀರಿನಲ್ಲಿಟ್ಟು ನೆಟ್ಟಗೆ ಮಾಡಿ, ತಣ್ಣೀರಿನಲ್ಲಿ ಅದ್ದಿ, ಮತ್ತೆ ಮತ್ತೆ. ಕುದಿಯುವ ನೀರು ಬೇಡವೇ ಬೇಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಯಲ್ಲಿ ಮೆದುವಾಗಿ ಆಕಾರ ಕಳೆದುಕೊಳ್ಳುತ್ತದೆ. ಒಳಗೆ 1 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಮೂರು ಅಡ್ಡಗೋಡೆ ಕೊಡಿ. ಮೂತಿಯಿಂದ ಶುರುಮಾಡಿ ಒಂದು ಸಲಕ್ಕೆ ಮೂರು ನಾಲ್ಕು ಸೆಂ.ಮೀ. ಮಾತ್ರ ಅಂಟಿಸಿ, ಹಿಡಿದ ಮೇಲೆ ಮುಂದಕ್ಕೆ. ಗಾಜಿನ ಮೇಲಿಟ್ಟಾಗ ಅಲುಗಾಡಬಾರದು.

ಸಂದಿಗೆ ಫೆವಿಕ್ವಿಕ್ ಮತ್ತು ಟಾಲ್ಕಂ ಪೌಡರ್ ಕಲಸಿದ ಲೇಪ ಒಳ್ಳೆಯದು, ಕುಗ್ಗುವುದಿಲ್ಲ. ಆದರೆ ಒಂದು ಗಂಟೆಯೊಳಗೆ ಉಜ್ಜಿಬಿಡಬೇಕು. ಮರುದಿನಕ್ಕೆ ಬಿಟ್ಟರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಲೇಪ ಉಳಿದು ಅಕ್ಕಪಕ್ಕ ಸವೆಯುತ್ತದೆ. ಉಜ್ಜಲು 400, 600, 1000 ನಂಬರಿನ ವಾಟರ್ ಪೇಪರ್ ಸಾಕು. ಈ ಅಳತೆಯಲ್ಲಿ 1 ಮಿ.ಮೀ. ಎಂದರೆ ನಿಜ ಹಡಗಿನ 60 ಸೆಂ.ಮೀ.; ಉಗುರಿಗೆ ತಾಗುವ ಸಣ್ಣ ಏಣೂ ಕಣ್ಣಿಗೆ ಹೊಡೆಯುತ್ತದೆ.

ಅಜಾಕ್ಸ್‌ನಲ್ಲಿ ನಾಲ್ಕು ಗೋಪುರ, ಎಂಟು 6 ಇಂಚಿನ ತೋಪುಗಳು. 1943–44ರ ದುರಸ್ತಿಯಲ್ಲಿ ಅಕಿಲೀಸ್‌ನ ಎಕ್ಸ್ ಗೋಪುರ, ಅಂದರೆ ಹಿಂಭಾಗದಲ್ಲಿ ಮೇಲಿನದು, ತೆಗೆದರು. ಹಾಗಾಗಿ ಡೆಲ್ಲಿಗೆ ಮೂರೇ ಗೋಪುರ, ಆರೇ ತೋಪು. ಆ ಜಾಗದಲ್ಲಿ ಸಣ್ಣ ವಿಮಾನ ವಿರೋಧಿ ತೋಪು ಕೂರಿಸಿ. ವಿಮಾನ ಹಾರಿಸುವ ಕವಣೆ, ವಿಮಾನ ಎರಡನ್ನೂ ಬಿಡಿ, ಕಂಬಗಳನ್ನು ಮೂರು ಕಾಲಿನವು ಮಾಡಿ.

ಕಿಟ್‌ನ ನಳಿಗೆಗಳು ದಪ್ಪ. ನಾನು ಔಷಧಿ ಅಂಗಡಿಯ 25 ಗೇಜ್ ಇಂಜೆಕ್ಷನ್ ಸೂಜಿ ಬಳಸುತ್ತೇನೆ, ವ್ಯಾಸ ಅರ್ಧ ಮಿ.ಮೀ., ತುದಿಯಲ್ಲಿ ರಂಧ್ರವೂ ಸಿದ್ಧ. ಇಕ್ಕಳದಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಸಣ್ಣ ಅರದಿಂದ ಸುತ್ತ ಗೀರಿ ಮುರಿಯಿರಿ. ಗೋಪುರಕ್ಕೆ 0.5 ಮಿ.ಮೀ. ತೂತು ಕೊರೆದು ಫೆವಿಕ್ವಿಕ್‌ನಲ್ಲೇ ಕೂರಿಸಿ. ಪ್ಲಾಸ್ಟಿಕ್ ಸಿಮೆಂಟ್ ಲೋಹಕ್ಕೆ ಹಿಡಿಯುವುದಿಲ್ಲ.

ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಹೊಡೆಯಬೇಡಿ, ತೇವಕ್ಕೆ ಮೇಲ್ಮೈ ಮಬ್ಬಾಗಿ ಬೆಳ್ಳಗಾಗುತ್ತದೆ.

ಕೊನೆಗೆ ಹಗ್ಗಗಳು. ಸ್ಪ್ರೂ ತುಂಡನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ, ತಾಗಿಸದೆ, ತಿರುಗಿಸುತ್ತಾ ಹಿಡಿಯಿರಿ. ಹೊಳಪು ಬಂದು ಜೋತಾಗ ಜ್ವಾಲೆಯಿಂದ ಹೊರಗೆ ತಂದು ಎಳೆದರೆ ಕೂದಲಿನಷ್ಟು ಸಪೂರ ಎಳೆ ಬರುತ್ತದೆ. ಕಂಬದಿಂದ ಕಂಬಕ್ಕೆ ಸ್ವಲ್ಪ ಸಡಿಲವಾಗಿಯೇ ಅಂಟಿಸಿ. ಅಂಟು ಒಣಗಿದ ಮೇಲೆ ಹೊತ್ತಿಸಿದ ಊದುಬತ್ತಿಯ ಕೆಂಡವನ್ನು ಎಳೆಯ ಕೆಳಗೆ ಅರ್ಧ ಸೆಂ.ಮೀ. ದೂರದಲ್ಲಿ ಸರಸರನೆ ಸರಿಸಿ. ಎಳೆ ತಾನಾಗಿ ಕುಗ್ಗಿ ಬಿಗಿಯಾಗುತ್ತದೆ.