ಲಿಲಿ ಪರಾಗ ನೆಕ್ಕಿದ ಬೆಕ್ಕು ಉಳಿದದ್ದು: ನನ್ನ ಅನುಭವ

ನನ್ನ ಹಿಂದಿನ ಬೆಕ್ಕು, ಹೆಸರು ಕರಿಯ, ಇಲಿ ಪಾಷಾಣ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಯಾರೋ ಹೇಳಿದರೆಂದು ಉಪ್ಪುನೀರು ಕುಡಿಸಿದೆ, ವಾಂತಿಯಾಗಲಿಲ್ಲ. ಹಾಲು ಹಾಕಿದೆ. ಎರಡು ದಿನ ಆರಾಮಾಗಿ ಓಡಾಡಿಕೊಂಡಿದ್ದ, ಗಂಡಾಂತರ ಕಳೀತು ಅಂದುಕೊಂಡೆ. ನಾಲ್ಕನೇ ದಿನ ಒಸಡು ಬಿಳಚಿ, ಮೂಗಿನಲ್ಲಿ ರಕ್ತ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ, ಲಕ್ಷಣ ಕಾಣಿಸಿಕೊಳ್ಳೋದೇ ಮೂರರಿಂದ ಐದು ದಿನಕ್ಕೆ. ಮೊದಲ ದಿನವೇ ಒಯ್ದಿದ್ದರೆ ಮೂರ್ನಾಲ್ಕು ವಾರ ವಿಟಮಿನ್ ಕೆ1 ಕೊಟ್ಟು ಉಳಿಸಬಹುದಿತ್ತು. ರಕ್ತ ಏರಿಸಿದ್ದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಹೋಯಿತು, ಕರಿಯನೂ ಹೋದ.

ಅಂದಿನಿಂದ ಮನೆಯಲ್ಲಿ ವಾಂತಿ ಮಾಡಿಸುವ ಗೋಜಿಗೇ ಹೋಗಿಲ್ಲ. ಉಪ್ಪು ಮೈಗೇರಿದರೆ ಅದೇ ಇನ್ನೊಂದು ವಿಷ. ಹೈಡ್ರೋಜನ್ ಪೆರಾಕ್ಸೈಡ್ ಅಂತೂ ಬೆಕ್ಕಿನ ಹೊಟ್ಟೆಯನ್ನೇ ಸುಟ್ಟು ರಕ್ತ ಬರಿಸುತ್ತೆ. ವಿಷ ಹೀರಿಕೊಳ್ಳಲೆಂದು ಕೊಡುವ ಇದ್ದಿಲಿನ ಪುಡಿಯನ್ನೂ ಒಮ್ಮೆ ಪ್ರಯೋಗ ಮಾಡಿದೆ, ಆರೋಗ್ಯವಾಗಿದ್ದ ಬೆಕ್ಕಿನ ಊಟಕ್ಕೆ ಚಿಟಿಕೆ ಬೆರೆಸಿ. ಮೂಸಿ ನೋಡಿ ಹೊರಟುಹೋಯಿತು. ಒತ್ತಾಯದಿಂದ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಇಳಿಯುವ ಭಯ, ಬಿಟ್ಟೆ.

ಈಗ ನನ್ನ ಲೆಕ್ಕ ಒಂದೇ: ತಿಂದದ್ದು ಗೊತ್ತಾದ ಹತ್ತು ನಿಮಿಷದಲ್ಲಿ ಮನೆ ಬಿಟ್ಟಿರಬೇಕು. ಬೆಕ್ಕನ್ನು ಒಯ್ಯುವ ಪೆಟ್ಟಿಗೆ, ಅಂದರೆ ಕ್ಯಾರಿಯರ್, ವರ್ಷವಿಡೀ ಬಾಗಿಲು ತೆರೆದು ಹಾಸಿಗೆಯ ಹಾಗೆ ಬಿದ್ದಿರುತ್ತೆ. ಒಂದು ಸದ್ದು ಮಾಡಿದರೆ ಐದೂ ಬೆಕ್ಕುಗಳು ತಾವಾಗಿ ಒಳಗೆ ಹೋಗುತ್ತವೆ. ಆ ಅಭ್ಯಾಸಕ್ಕೆ ನಾಲ್ಕು ತಿಂಗಳು ಹಿಡಿಯಿತು, ಆ ಗುಟ್ಟು ನನ್ನಲ್ಲೇ ಇರಲಿ. ಔಷಧದ ಪ್ರಮಾಣಕ್ಕೆ ಬೇಕಾಗುತ್ತೆಂದು ವಾರಕ್ಕೊಮ್ಮೆ ಅವುಗಳ ತೂಕ ಪುಸ್ತಕದಲ್ಲಿ ಬರೆದಿಡುತ್ತೇನೆ. ಬೆಕ್ಕನ್ನೆತ್ತಿಕೊಂಡು ನಿಂತು ನನ್ನ ತೂಕ ಕಳೆಯುತ್ತಿದ್ದೆ, ಇನ್ನೂರು ಗ್ರಾಂ ಅತ್ತಿತ್ತ ಆಗುತ್ತಿತ್ತು. ಈಗ ಕ್ಯಾರಿಯರ್ ಸಮೇತ ತೂಗುತ್ತೇನೆ. ಆಸ್ಪತ್ರೆಯ ಫೋನ್ ನಂಬರು ಅದೇ ಪುಸ್ತಕದ ರಟ್ಟಿನ ಮೇಲಿದೆ.

‘ಇಷ್ಟೆಲ್ಲ ಬೇಕಾ, ಬೆಕ್ಕು ತಾನೇ ಕಕ್ಕಿಕೊಳ್ಳುತ್ತೆ’ ಅಂದವರೇ ಹೆಚ್ಚು.

ಕಳೆದ ತಿಂಗಳು ಯಾರೋ ಕೊಟ್ಟ ಹೂಗುಚ್ಛದಲ್ಲಿ ಲಿಲಿ ಇತ್ತು. ಚಿನ್ನಿಯ ಮೂಗಿನ ಮೇಲೆ ಅರಿಶಿನದಂಥ ಕಲೆ, ಬಲ ಮುಂಗಾಲಿನ ಬೆರಳ ಸಂದಿಯಲ್ಲೂ ಅದೇ. ಅದನ್ನೇ ಕೂತು ನೆಕ್ಕುತ್ತಿದ್ದಳು. ‘ಪರಾಗ ತಾನೇ’ ಅಂದರು ಮನೆಯವರು. ಪರಾಗವಷ್ಟೇ ಅಲ್ಲ, ಎಲೆ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡ ಕೆಡಿಸುತ್ತೆ. ಒದ್ದೆ ಬಟ್ಟೆಯಲ್ಲಿ ಮೂಗು, ಕಾಲು ಒರೆಸಿದೆ, ಮತ್ತೆ ನೆಕ್ಕದಂತೆ ಟವೆಲ್ಲಿನಲ್ಲಿ ಸುತ್ತಿದೆ, ಹೂವಿನ ಫೋಟೋ ತೆಗೆದೆ. ದಾರಿಯಿಂದಲೇ ಫೋನ್ ಮಾಡಿ ಮೂರು ಮಾತು ಹೇಳಿದೆ: ಲಿಲಿ, ಅರ್ಧ ಗಂಟೆ ಒಳಗೆ, ಮೂರು ಕೆಜಿ ಎಂಟುನೂರು ಗ್ರಾಂ. ಹೋಗುವಷ್ಟರಲ್ಲಿ ವಾಂತಿ ಮಾಡಿಸುವ ಇಂಜೆಕ್ಷನ್ ತಯಾರಿತ್ತು. ವಾಂತಿಯಲ್ಲಿ ಹಳದಿ ಎಸಳಿನ ಚೂರೂ ಬಂತು. ಅದನ್ನು ತಿಂದದ್ದು ನಾನು ಕಂಡೇ ಇರಲಿಲ್ಲ.

ಎರಡು ದಿನ ಡ್ರಿಪ್. ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮೂರನೇ ದಿನ 1.4ರ ಆಸುಪಾಸು, ಏರಿರಲಿಲ್ಲ. ಬಿಲ್ಲು ಕರಿಯನಿಗೆ ಸುರಿದದ್ದರ ಮೂರನೇ ಒಂದು ಪಾಲೂ ಆಗಲಿಲ್ಲ. ‘ತಾನೇ ಕಕ್ಕಿಕೊಳ್ಳುತ್ತೆ’ ಅಂದಿದ್ದ ಗೆಳೆಯ ಮೊನ್ನೆ ಬಂದು ಕ್ಯಾರಿಯರ್ ಅಳತೆ ಬರೆದುಕೊಂಡು ಹೋದ. ಚಿನ್ನಿ ಅದರೊಳಗೇ ಮಲಗಿದ್ದಳು, ಏಳಲಿಲ್ಲ.