ವಯಸ್ಕರ ಅಧ್ಯಯನ ಕೂಟವನ್ನು ನಡೆಸುವ ಬಗೆ

ಶಾಲೆ, ಕಾಲೇಜು ಮುಗಿಸಿ ದುಡಿಮೆಗೆ ಇಳಿದವರಲ್ಲಿಯೂ ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರಗಳನ್ನು ತಿಳಿಯುವ ಹಂಬಲವಿರುತ್ತದೆ. ಜೊತೆಗೆ ಕುಳಿತು ಮಾತನಾಡುವವರು ಸಿಗುವುದು ಮಾತ್ರ ಅಪರೂಪ. ಈ ಕೊರತೆಯನ್ನು ನೀಗಿಸಬಯಸುವ ಗ್ರಂಥಾಲಯವಾಗಲಿ, ಸಂಘವಾಗಲಿ ಉಪನ್ಯಾಸಮಾಲೆಗಿಂತ ಮೊದಲು ಒಂದು ಸಣ್ಣ ಅಧ್ಯಯನ ಕೂಟವನ್ನು ಆರಂಭಿಸುವುದು ಒಳ್ಳೆಯದು.

ಮೊದಲು ಸಮಯದ ಹಂಚಿಕೆಯನ್ನು ನಿಶ್ಚಯಿಸಿಕೊಳ್ಳಿ. 1908ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಮತ್ತು ಲಾಂಗ್‌ಟನ್ ಪಟ್ಟಣಗಳಲ್ಲಿ ಇತಿಹಾಸಕಾರ ಆರ್. ಎಚ್. ಟಾನಿ ಕಾರ್ಮಿಕರಿಗಾಗಿ ಆರಂಭಿಸಿದ ತರಗತಿಗಳು ಎರಡು ಗಂಟೆಯವು; ಒಂದು ಗಂಟೆ ಪಾಠಕ್ಕೆ, ಇನ್ನೊಂದು ಗಂಟೆ ಚರ್ಚೆಗೆ ಮೀಸಲಾಗಿತ್ತು. ಇದಕ್ಕಿಂತ ನ್ಯಾಯವಾದ ಹಂಚಿಕೆಯನ್ನು ನಾನು ಕಂಡಿಲ್ಲ. ಭಾಷಣದ ಕೊನೆಯಲ್ಲಿ ಉಳಿದ ಹತ್ತು ನಿಮಿಷದಲ್ಲಿ ‘ಪ್ರಶ್ನೆಗಳಿದ್ದರೆ ಕೇಳಿ’ ಎಂದರೆ, ಮೊದಲೇ ಧೈರ್ಯವಿದ್ದ ಇಬ್ಬರು ಮಾತನಾಡುತ್ತಾರೆ, ಉಳಿದವರು ಎದ್ದು ಹೋಗುತ್ತಾರೆ.

ಓದಿಗೆ ಒಂದೆರಡು ಪುಟದ ಬರಹ ಸಾಕು. ಅದನ್ನು ಕೂಟದಲ್ಲಿಯೇ ಓದಿ. ಮನೆಯಲ್ಲಿ ಓದಿ ಬರಬೇಕೆಂದು ಕಡ್ಡಾಯ ಮಾಡಿದರೆ, ಓದಲು ಬಿಡುವಾಗದವರು ಸಂಕೋಚಪಟ್ಟು ಬರುವುದನ್ನೇ ನಿಲ್ಲಿಸುತ್ತಾರೆ. ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಐದೈದು ಸಾಲಿಗೊಮ್ಮೆ ಅಂಚಿನಲ್ಲಿ ಸಾಲಿನ ಸಂಖ್ಯೆಯನ್ನು ಹಾಕಿಸಿ. ಆಗ ‘ಹದಿನೈದನೆಯ ಸಾಲು ನೋಡಿ’ ಎಂದು ಯಾರಾದರೂ ಹೇಳಿದೊಡನೆ ಎಲ್ಲರ ಬೆರಳೂ ಅಲ್ಲಿಗೇ ಹೋಗುತ್ತದೆ, ಮಾತು ಬರಹವನ್ನು ಬಿಟ್ಟು ಅಲೆಯುವುದಿಲ್ಲ. ಗಟ್ಟಿಯಾಗಿ ಓದುವಂತೆ ಯಾರನ್ನೂ ಬಲವಂತ ಮಾಡಬಾರದು.

ಹೆಚ್ಚಿನ ಸಿದ್ಧತೆ ಬೇಕಾದದ್ದು ಪ್ರಶ್ನೆಗೆ. ದುಡಿಯಲು ದೂರ ಹೋದ ಮಗನೊಬ್ಬ ತಾಯಿಗೆ ಬರೆದ ಹಳೆಯ ಪತ್ರವನ್ನು ಓದುತ್ತಿದ್ದೀರಿ ಎಂದುಕೊಳ್ಳಿ. ‘ವಲಸೆಗೆ ಕಾರಣಗಳೇನು?’ ಎಂದರೆ ಪಠ್ಯಪುಸ್ತಕದ ಉತ್ತರ ಬರುತ್ತದೆ. ‘ಈ ಮಗ ತಾಯಿಗೆ ಏನನ್ನು ಹೇಳದೆ ಬಿಟ್ಟಿದ್ದಾನೆ?’ ಎಂದು ಕೇಳಿದರೆ ಎಲ್ಲರೂ ಪತ್ರಕ್ಕೆ ಮರಳುತ್ತಾರೆ. ಆಗ ಕವಿಯುವ ಮೌನಕ್ಕೆ ಹೆದರಿ ಸಂಚಾಲಕರು ತಾವೇ ಉತ್ತರಿಸಬಾರದು, ಕಾಯಬೇಕು. ಆ ಕಾಲದ ಕೂಲಿ, ಪ್ರಯಾಣ, ಅಂಚೆಯ ವಿವರಗಳನ್ನು ತಜ್ಞರು ಇದರ ನಂತರ ಹೇಳಲಿ, ಏಕೆಂದರೆ ಅವುಗಳ ಅಗತ್ಯ ಸದಸ್ಯರಿಗೆ ಆಗ ತಾನಾಗಿ ಮನವರಿಕೆಯಾಗಿರುತ್ತದೆ. ಸದಸ್ಯರ ಅನುಭವಕ್ಕೆ ಗೌರವವಿರಲಿ, ಆದರೆ ತಪ್ಪು ಮಾಹಿತಿಯನ್ನು ದಾಕ್ಷಿಣ್ಯಕ್ಕೆ ಒಪ್ಪಬೇಡಿ.

1902ರಲ್ಲಿ ಸ್ವೀಡನ್ನಿನಲ್ಲಿ ಶಿಕ್ಷಕ ಆಸ್ಕರ್ ಓಲ್ಸನ್ ರೂಪಿಸಿದ ಅಧ್ಯಯನ ಕೂಟಗಳು ತಾವು ಕೊಂಡ ಪುಸ್ತಕಗಳಿಂದ ಸಣ್ಣ ಗ್ರಂಥಾಲಯಗಳನ್ನೇ ಕಟ್ಟಿಕೊಂಡವು. ನಿಮ್ಮ ಕೂಟವೂ ಪುಸ್ತಕಗಳ ಜೊತೆಗೆ ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಳ್ಳಲಿ. ಉತ್ತರ ಸಿಗದ ಪ್ರಶ್ನೆಯನ್ನು ಅದರಲ್ಲಿ ಬರೆದು, ಹುಡುಕಿ ತರುವ ಹೊಣೆಯನ್ನು ಸದಸ್ಯರೊಬ್ಬರಿಗೆ ಒಪ್ಪಿಸಿ. ಮುಂದಿನ ಸಭೆ ಅವರ ಮಾತಿನಿಂದಲೇ ಆರಂಭವಾಗಲಿ.